ಬೆಲ್ಲ ಮಣ್ಣಾದ ದಿನಗಳು

೧೯೫೩ ನವೆಂಬರ್ ೯, ಸೋಮವಾರ
ಕೊಳ್ಳೇಗಾಲ

ಈ ನೋಟ್‌ಬುಕ್ಕು ಡಾಕ್ಟರು ಕೊಟ್ಟದ್ದು. ದಿನಾ ಏನೇನು ತಿಂದೆ ಎಂದು ಬರೆದು, ಎರಡು ವಾರಕ್ಕೊಮ್ಮೆ ತಂದು ತೋರಿಸಬೇಕಂತೆ. ಬರೆಯುತ್ತೇನೆ. ತೋರಿಸುವುದಿಲ್ಲ. ಐವತ್ತೆರಡು ವರ್ಷ ನನ್ನ ತುತ್ತಿನ ಬಗ್ಗೆ ಯಾರಿಗೂ ವರದಿ ಒಪ್ಪಿಸಿದವನಲ್ಲ ನಾನು. ಮೊನ್ನೆ ಮೊನ್ನೆ ಕೊಯಮತ್ತೂರಿನಿಂದ ಬಂದ, ಮೀಸೆ ಇನ್ನೂ ಬಲಿಯದ ಈ ಡಾಕ್ಟರಿಗೆ ಒಪ್ಪಿಸುತ್ತೇನೆಯೇ?

ನಡೆದದ್ದು ಇಷ್ಟು. ಎರಡು ತಿಂಗಳಿಂದ ತೀರದ ಬಾಯಾರಿಕೆ, ಹೊತ್ತುಹೊತ್ತಿಗೆ ಬಚ್ಚಲ ಕಡೆ ಓಟ. ರಂಗಮ್ಮ ನನ್ನನ್ನು ಬಿಡದೆ ಡಿಸ್ಪೆನ್ಸರಿಗೆ ಎಳೆದುಕೊಂಡು ಹೋದಳು. ಗಂಡನನ್ನು ಎಳೆದುಕೊಂಡು ಹೋಗುವುದರಲ್ಲಿ ಅವಳಿಗೆ ಮೂವತ್ತು ವರ್ಷದ ಅಭ್ಯಾಸ. ಅಲ್ಲಿ ಕಾಂಪೌಂಡರ್ ಬಿಳಿಗಿರಿ ನನ್ನ ಮೂತ್ರದ ಎಂಟು ಹನಿಗಳನ್ನು ಒಂದು ನೀಲಿ ಔಷಧಿಗೆ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದ. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಕೆಂಪಗೆ ನಿಂತಿತು. ನೀಲಿಯಾಗಿಯೇ ಉಳಿದರೆ ಮೂತ್ರದಲ್ಲಿ ಸಕ್ಕರೆ ಇಲ್ಲ, ಕೆಂಪಾದರೆ ವಿಪರೀತ ಇದೆ ಎಂದು ಹೇಳಿ, "ಇಟ್ಟಿಗೆ ಕೆಂಪು ಸಾ" ಎಂದು ಒಳಗೆ ಡಾಕ್ಟರಿಗೆ ಕೂಗಿದ.

ನಾನು ಬಿಡಲಿಲ್ಲ. ಮೂವತ್ತೈದು ವರ್ಷ ರೇಷ್ಮೆ ಸೀರೆ ನೇಯ್ದ ಕಣ್ಣಿಗೆ ಕಾಂಪೌಂಡರು ಬಣ್ಣ ಕಲಿಸುವುದೇ?

"ಇಟ್ಟಿಗೆ ಅಲ್ಲ ಕಣಪ್ಪ, ಇದು ಕನಕಾಂಬರ. ಕೆಂಪಿಗೂ ಇದ್ಕೂ ಬಣ್ಣದ ತೊಟ್ಟೀಲಿ ಎರಡು ಮುಳುಗು ವ್ಯತ್ಯಾಸ ಅದೆ" ಎಂದೆ. ಬಿಳಿಗಿರಿ ನಕ್ಕ. ಡಾಕ್ಟರು ನಗಲಿಲ್ಲ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಆಜ್ಞೆ ಹೊರಡಿಸಿದರು. ಬೆಲ್ಲ, ಸಕ್ಕರೆ ಮುಟ್ಟಕೂಡದು. ಅನ್ನ ಹಿಡಿಯಷ್ಟು. ರಾಗಿ ಒಂದೇ ಮುದ್ದೆ, ಸೊಪ್ಪು, ಹಾಗಲಕಾಯಿ, ನೆನೆಸಿದ ಮೆಂತ್ಯ. ಮೂರು ತಿಂಗಳು ಹೀಗಿದ್ದು ಬಣ್ಣ ಇಳಿಯದಿದ್ದರೆ ದಿನಾ ಸೂಜಿ.

ಆಮೇಲೆ ಕಣ್ಣು ಮುಚ್ಚಿಸಿ, ಪಾದಕ್ಕೆ ಹತ್ತಿ ಮುಟ್ಟಿಸಿ, ಎಲ್ಲಿ ಮುಟ್ಟಿದೆ ಹೇಳಿ ಎಂದರು. ಎಡಗಾಲಿನದು ಸರಿಯಾಗಿ ಹೇಳಿದೆ. ಬಲಗಾಲಿನದು ಊಹೆಯ ಮೇಲೆ ಹೇಳಿದೆ. ಊಹೆ ತಪ್ಪಿರಬೇಕು. ಬಲಗಾಲಿಗೆ ಸ್ಪರ್ಶ ಹೋಗುತ್ತಿದೆ, ಗಾಯವಾದರೂ ಗೊತ್ತಾಗುವುದಿಲ್ಲ, ಇನ್ನು ಮಗ್ಗದ ಗುಂಡಿಗೆ ಇಳಿಯುವುದಾದರೆ ಚಪ್ಪಲಿ ಹಾಕಿಕೊಂಡೇ ಇಳಿಯಬೇಕು ಎಂದರು. ನಿಮ್ಮ ಪಕ್ಕದ ಬೀದಿಯ ಮಾದಯ್ಯನ ಕಾಲು ಇದೇ ಕಾಯಿಲೆಗೆ ಹೋದದ್ದು ಗೊತ್ತಲ್ಲ ಎಂದರು.

ಗುಂಡಿಯೊಳಗೆ ಬರಿಗಾಲಲ್ಲಿ ಹಲಗೆ ತುಳಿದು ನೇಯುವ ಮಗ್ಗ ನಮಗೆ ದೇವರು. ಗರ್ಭಗುಡಿಗೆ ಚಪ್ಪಲಿ ಹಾಕಿಕೊಂಡು ಹೋಗಿ ಎಂದರೆ ನೀವು ಹೋಗುತ್ತೀರಾ ಎಂದು ಕೇಳಿದೆ. ಅವರು ಈ ನೋಟ್‌ಬುಕ್ಕು ತೆಗೆದು ಕೈಗಿಟ್ಟರು.

ನವೆಂಬರ್ ೧೩, ಶುಕ್ರವಾರ

ಬೆಳಿಗ್ಗೆ ಮೆಂತ್ಯ, ಅದರ ಲೋಳೆ ನೀರಿನ ಸಮೇತ. ಮಧ್ಯಾಹ್ನ ಒಂದು ಮುದ್ದೆ, ಹಾಗಲಕಾಯಿ ಗೊಜ್ಜು. ಬೆಲ್ಲ ಹಾಕದ ಹಾಗಲಕಾಯಿ ಗೊಜ್ಜನ್ನು ಯಾರಾದರೂ ಉಂಡಿದ್ದಾರೆಯೇ? ಇದಕ್ಕಿಂತ ಬೇವಿನ ಮರಕ್ಕೆ ನೇರ ಬಾಯಿ ಹಾಕಬಹುದಿತ್ತು.

ಇಷ್ಟಕ್ಕೆ ಬಗ್ಗುವವನಲ್ಲ ಈ ದೇವಣ್ಣ. ರಂಗಮ್ಮ ಬೆಲ್ಲದ ಮಡಕೆಯನ್ನು ಎಲ್ಲಿಗೋ ಸಾಗಿಸಿದ್ದಾಳೆ. ನಾನು ಮಾಂಬಳ್ಳಿಯ ಅಚ್ಚುಬೆಲ್ಲ ನಾಲ್ಕು ತಂದು, ಬಟ್ಟೆ ಸುತ್ತಿ, ಮಗ್ಗದ ಗುಂಡಿಯ ಗೋಡೆಯಲ್ಲಿರುವ ಗೂಡಿನಲ್ಲಿ ಇಟ್ಟಿದ್ದೇನೆ. ಲಾಳಿಗೆ ಹಾಕುವ ನೂಲು ಸುತ್ತಿದ ಕಂಡಿಕೆ ಇಟ್ಟುಕೊಳ್ಳಲು ನಮ್ಮಪ್ಪ ತೋಡಿಸಿದ ಗೂಡು ಅದು. ನನ್ನ ಮೊಣಕಾಲಿನ ಪಕ್ಕದಲ್ಲೇ ಇದೆ. ಅದಕ್ಕೆ ಕೈ ಹಾಕುವವನು ನಾನೊಬ್ಬನೇ.

ಊಟವಾದ ಮೇಲೆ ಇವಳು ಮಡಿಸಿ ಕೊಡುವ ಎಲೆಅಡಿಕೆಯನ್ನು ಜಗಲಿಯ ಮೇಲೆ ನಿಂತು ಜಗಿಯುತ್ತೇನೆ. ಇವಳು ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದ ಸದ್ದು ಕೇಳಿದೊಡನೆ ಎಲೆ ಉಗಿದು, ಬಾಯಿ ಮುಕ್ಕಳಿಸಿ, ಗುಂಡಿಗೆ ಇಳಿದು ಒಂದು ತುಂಡು ಬೆಲ್ಲ. ಡಾಕ್ಟರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವನು.

ನವೆಂಬರ್ ೨೩, ಸೋಮವಾರ

ಅದೇ ಕೆಂಪು. ನಿನ್ನ ಔಷಧಿ ಹಳೆಯದು ಎಂದು ಬಿಳಿಗಿರಿಗೆ ಹೇಳಿ ಬಂದೆ. ನೋಟ್‌ಬುಕ್ಕು ಮರೆತೆ ಎಂದು ಡಾಕ್ಟರಿಗೆ ಹೇಳಿದೆ.

ಮಗ್ಗದ ಮೇಲಿರುವ ಗಿಳಿಹಸಿರು ಸೀರೆಯನ್ನು ಬಿಚ್ಚಿ ನೋಡಿದರೆ ಅಲ್ಲಲ್ಲಿ ನೇಯ್ಗೆ ತಪ್ಪಿದೆ. ಬಲಗಾಲಿನ ಹಲಗೆಯನ್ನು ಪೂರ್ತಿ ತುಳಿಯದಿದ್ದರೆ ಹಾಸಿನ ಎಳೆಗಳು ಸರಿಯಾಗಿ ಬಾಯಿ ಬಿಡುವುದಿಲ್ಲ. ಲಾಳಿ ಒಳಗೆ ತೂರದೆ ಮೇಲೆ ಮೇಲೆ ಹಾಯುತ್ತದೆ. ಹುಡುಗರು ಕಲಿಯುವಾಗ ಮಾಡುವ ತಪ್ಪು. ಕಂಡಿಕೆ ಸಡಿಲ ಸುತ್ತಿದ್ದೀಯೆ ಎಂದು ಇವಳ ಮೇಲೆ ಹಾರಾಡಿದೆ. ಇವಳು ಎಲ್ಲ ಕಂಡಿಕೆಗಳನ್ನೂ ಬಿಚ್ಚಿ ಮತ್ತೆ ಸುತ್ತಿಟ್ಟಳು. ಅದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಡಿಸ್ಪೆನ್ಸರಿಯಿಂದ ಬರುವಾಗ ಮಾದಯ್ಯನ ಬೀದಿ ಬಿಟ್ಟು ಸುತ್ತಿಕೊಂಡು ಬಂದೆ. ಆ ಬೀದಿಯಲ್ಲಿ ಕೆಸರು.

ನವೆಂಬರ್ ೩೦, ಸೋಮವಾರ

ಮಾಂಬಳ್ಳಿಯವರು ಬೆಲ್ಲಕ್ಕೆ ಮಣ್ಣು ಬೆರೆಸಲು ಶುರು ಮಾಡಿದ್ದಾರೆ. ಮಧ್ಯಾಹ್ನ ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಕೆರೆಯಂಗಳದ ಮಣ್ಣು ತಿಂದ ಹಾಗಾಯಿತು. ಸಿಹಿಯ ಸುಳಿವೇ ಇಲ್ಲ. ಎಲೆಯಂಗಡಿಯವನೂ ಕೆಟ್ಟಿದ್ದಾನೆ, ವೀಳ್ಯದೆಲೆ ಕಹಿ. ಊರಿಗೆ ಊರೇ ಕಳ್ಳರಾದರೆ ಬದುಕುವುದು ಹೇಗೆ?

ಡಿಸೆಂಬರ್ ೪, ಶುಕ್ರವಾರ

ಬೇರೆ ಅಂಗಡಿಯಿಂದ ಬೇರೆ ಬೆಲ್ಲ ತಂದೆ. ಅದೂ ಮಣ್ಣು.

ನನಗೀಗ ಒಂದು ಅನುಮಾನ. ಹೋಗಿರುವುದು ಬೆಲ್ಲವಲ್ಲ, ನನ್ನ ನಾಲಿಗೆ. ಕಾಲಿನ ಹಾಗೆ ನಾಲಿಗೆಯೂ ಸಾಯುತ್ತದೆಯೇ? ಉಪ್ಪು ಹಾಕಿಕೊಂಡು ನೋಡಿದೆ, ತಿಳಿಯಿತು. ಮೆಣಸಿನಕಾಯಿ ಕಚ್ಚಿ ನೋಡಿದೆ, ಕಣ್ಣಲ್ಲಿ ನೀರು ಬಂತು. ಸಿಹಿ ಒಂದೇ ಸತ್ತಿದೆ. ಡಾಕ್ಟರನ್ನು ಕೇಳೋಣವೆಂದರೆ ಬೆಲ್ಲ ತಿಂದದ್ದನ್ನು ಮೊದಲು ಒಪ್ಪಿಕೊಳ್ಳಬೇಕು. ಕಳ್ಳನಿಗೆ ಚೇಳು ಕುಟುಕಿದರೆ ಕೂಗುವ ಹಾಗಿಲ್ಲ.

ಮಣ್ಣು ತಿನ್ನಲು ನಾನೇನು ಎರೆಹುಳವೇ? ಬಿಟ್ಟೆ. ಆದರೆ ಬೆಲ್ಲ ಗೂಡಿನಲ್ಲೇ ಇರಲಿ. ಎಸೆದರೆ ಡಾಕ್ಟರು ಗೆದ್ದ ಹಾಗೆ. ನಾಲಿಗೆ ಚೇತರಿಸಿಕೊಂಡ ದಿನ ಬೇಕಾಗುತ್ತದೆ.

ಡಿಸೆಂಬರ್ ೭, ಸೋಮವಾರ

ಕೆಂಪು ಇಳಿದಿದೆ. ಹಣ್ಣಾದ ನಿಂಬೆಯ ಬಣ್ಣ. ಡಾಕ್ಟರು ಬೆನ್ನು ತಟ್ಟಿದರು. ಶಾಲೆಯ ಹುಡುಗನೇನು ನಾನು, ಬೆನ್ನು ತಟ್ಟಲು? ರಂಗಮ್ಮ ದಾರಿಯುದ್ದಕ್ಕೂ ತನ್ನಷ್ಟಕ್ಕೆ ನಗುತ್ತಿದ್ದಳು. ಕಾರಣ ಕೇಳಿದರೆ ಹೇಳಲಿಲ್ಲ.

ಡಿಸೆಂಬರ್ ೧೯, ಶನಿವಾರ

ಇದನ್ನು ಹೇಗೆ ಬರೆಯಲಿ? ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆಯಿಂದ ಸೆರಗು ನೇಯುತ್ತಿದ್ದೆ. ಕೆಲಸ ಚೆನ್ನಾಗಿ ಸಾಗಿತ್ತು. ಯಾವುದೋ ಪದ ಹೇಳಿಕೊಳ್ಳುತ್ತಿದ್ದೆ. ರಂಗಮ್ಮ ಜರಿಯ ಕಂಡಿಕೆ ಕೊಡಲು ಬಂದು ಗುಂಡಿಯ ಅಂಚಿನಲ್ಲಿ ಬಗ್ಗಿದವಳು ಹಾಗೆಯೇ ನಿಂತಳು. ಕಂಡಿಕೆ ಅವಳ ಕೈಯಿಂದ ಜಾರಿ ಗುಂಡಿಗೆ ಬಿತ್ತು. "ಕಾಲು" ಎಂದಳು.

ಬಗ್ಗಿ ನೋಡಿದೆ. ನನ್ನ ಬಲಗಾಲು ಪಾದದಿಂದ ಗಿಣ್ಣಿನವರೆಗೆ ಕೆಂಪಗೆ ಹರಿದಾಡುತ್ತಿತ್ತು. ಕೆಂಪಿರುವೆ. ಬೆರಳ ಸಂದಿಯಲ್ಲಿ ಗಂಟು ಗಂಟಾಗಿ ಕಚ್ಚಿ ಹಿಡಿದಿದ್ದವು. ಗೂಡಿನಿಂದ ಗೋಡೆಗುಂಟ ಇಳಿದು, ಹಲಗೆಯ ಮೇಲೆ ಹತ್ತಿ, ನನ್ನ ಕಾಲ ಮೇಲಿಂದ ಅವುಗಳ ಸಾಲು. ಬೆಲ್ಲ ಇದ್ದಲ್ಲಿ ಇರುವೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೆ ಗೊತ್ತಾಗಬೇಡವೇ?

ಎಡಗಾಲಿಗೆ ಒಂದೆರಡು ಕಚ್ಚಿದಾಗ ಕೊಡವಿಕೊಂಡಿದ್ದೆ, ನೆನಪಿದೆ. ಬಲಗಾಲು ಸುಮ್ಮನೆ ಇತ್ತು. ನಾನು ಪದ ಹೇಳುತ್ತ ತುಳಿಯುತ್ತಿದ್ದೆ, ಅವು ತಿನ್ನುತ್ತಿದ್ದವು.

ರಂಗಮ್ಮ ಕಾಲನ್ನು ನೀರಿನ ತೊಟ್ಟಿಗೆ ಅದ್ದಿ ಒಂದೊಂದೇ ಇರುವೆಯನ್ನು ಕಿತ್ತಳು. ಕೆಲವು ತಲೆ ಬಿಟ್ಟು ಬಂದವು. ನೋಯುತ್ತದೆಯಾ ಎಂದು ಕೇಳುತ್ತಲೇ ಇದ್ದಳು. ಇಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೂಂ, ಸ್ವಲ್ಪ ಎಂದೆ.

ಡಿಸೆಂಬರ್ ೨೩

ಜ್ವರ. ಕಾಲು ಊದಿ ಬೂದುಗುಂಬಳವಾಗಿದೆ. ನೀಲಿ ಔಷಧಿ ಮತ್ತೆ ಕೆಂಪಾಯಿತಂತೆ. ದಿನಾ ಎರಡು ಸೂಜಿ, ಒಂದು ಸಕ್ಕರೆಗೆ, ಒಂದು ಕೀವಿಗೆ. ಸೂಜಿ ಬೇಡ ಎಂದೆ. ಕೇಳುವವರಿಲ್ಲ.

ಡಿಸೆಂಬರ್ ೨೬, ಶನಿವಾರ

ಜ್ವರ ಬಿಟ್ಟಿದೆ. ಸಿಟ್ಟು ಏರಿದೆ.

ಡಾಕ್ಟರ ಮಾತು: ಕಿರುಬೆರಳ ತುದಿ ಕಪ್ಪಾಗುತ್ತಿದೆ. ಅಲ್ಲಿಗೇ ನಿಂತರೆ ಸರಿ. ಮೇಲಕ್ಕೆ ಹರಡಿದರೆ ಮೈಸೂರಿಗೆ ಹೋಗಿ ಪಾದವನ್ನೇ ತೆಗೆಸಬೇಕು. ಪಾದ ಹೋದರೆ ಹಲಗೆ ತುಳಿಯುವುದು ಯಾವುದರಿಂದ? ಮಗ್ಗ ಬಿಟ್ಟು ನಾನು ಬದುಕುವುದು ಯಾವುದಕ್ಕೆ?

ಆದರೆ ಸಿಟ್ಟು ಅದಕ್ಕಲ್ಲ. ಮಲಗಿದ್ದ ಕಡೆಯಿಂದ ಅಡುಗೆಮನೆ ಕಾಣುತ್ತದೆ. ಇವಳು ಎಲೆಅಡಿಕೆ ಮಡಿಸುವುದನ್ನು ಮೂವತ್ತು ವರ್ಷದಲ್ಲಿ ಇವತ್ತೇ ಮೊದಲು ನೋಡಿದೆ. ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಜರಡಿಯ ಕೆಳಗಿನಿಂದ ಇನ್ನೇನೋ ಸಣ್ಣ ಎಲೆ ಎರಡು ತೆಗೆದು ನಡುವೆ ಇಟ್ಟು ಮಡಿಸಿದಳು. ಏನದು ಎಂದೆ. ಮುಚ್ಚಿಡಲಿಲ್ಲ. ಎದುರಿಗೆ ಬಂದು ಕೂತು ಹೇಳಿದಳು. ಯಳಂದೂರಿನ ಸಂತೆಗೆ ಬಿಳಿಗಿರಿರಂಗನ ಬೆಟ್ಟದಿಂದ ಸೋಲಿಗರು ತರುವ ಬಳ್ಳಿಯ ಸೊಪ್ಪಂತೆ. ತಮಿಳಿನವರು ಸಿರುಕುರಿಂಜ ಎನ್ನುತ್ತಾರಂತೆ. ಅದನ್ನು ಜಗಿದರೆ ಅರ್ಧ ಗಂಟೆ ನಾಲಿಗೆಗೆ ಸಿಹಿ ಎಂಬುದೇ ತಿಳಿಯದಂತೆ. ಕಳಿಸಿಕೊಟ್ಟವನು ಮಾದಯ್ಯ.

"ನೀವು ಗುಂಡೀಲಿ ಬೆಲ್ಲ ಮಡಿಗಿರೋದು ಮೊದಲ್ನೇ ದಿನವೇ ನಂಗೊತ್ತು ಕಣ್ರಿ. ನೀವು ಏಳುದ್ರೆ ಕೇಳೋ ಆಳಲ್ಲ. ರುಚಿ ಓದ್ರೆ ತಾನಾಗೇ ಬುಡ್ತೀರಿ ಅನ್ಕಂಡೆ" ಎಂದಳು. ನನ್ನ ಕಾಲಿನ ಕಟ್ಟು ನೋಡಿ, "ತಿನ್ನೋದು ಬುಟ್ರಿ, ಬಿಸಾಕ್ನಿಲ್ಲ. ಅದು ನಂಗೆ ತಿಳೀನಿಲ್ಲ" ಎಂದಳು.

ನಾನು ರಂಗೋಲಿ ಕೆಳಗೆ ತೂರಿದರೆ ಇವಳು ನನ್ನ ನಾಲಿಗೆಯ ಕೆಳಗೇ ತೂರಿದ್ದಳು. ಎಲೆಅಡಿಕೆಯನ್ನು ಮುಟ್ಟಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ.

ಡಿಸೆಂಬರ್ ೨೯, ಮಂಗಳವಾರ

ಮಾದಯ್ಯ ಬಂದಿದ್ದ. ಕಂಕುಳಿಗೆ ಕೋಲು ಕೊಟ್ಟುಕೊಂಡು ಎರಡು ಬೀದಿ ಕುಪ್ಪಳಿಸಿಕೊಂಡು ಬಂದಿದ್ದಾನೆ. ಒಂದೇ ಉಪಾಧ್ಯಾಯರ ಕೈಯಲ್ಲಿ ಏಟು ತಿಂದವರು ನಾವು. ಅವನ ಕಾಲು ತೆಗೆದು ವರ್ಷವಾಯಿತು. ಅಲ್ಲಿಂದ ಈಚೆಗೆ ನಾನು ಅವನನ್ನು ನೋಡಲು ಹೋಗಿರಲಿಲ್ಲ. ಕೆಲಸವಿತ್ತು.

"ಏನ್ಲಾ ದೇವ, ನಮ್ ಬೀದಿ ಕೆಸ್ರು ಇನ್ನೂ ಒಣಗ್ನಿಲ್ವಾ?" ಎಂದು ಕೂತ. ನಾನು ಸುತ್ತಿಕೊಂಡು ಹೋಗುವುದನ್ನು ಮೊದಲಿಂದಲೂ ಕಂಡಿದ್ದಾನೆ.

ಬೆನ್ನ ಹಿಂದೆ ನನ್ನ ಹೆಂಡತಿಗೆ ಸೊಪ್ಪು ಕಳಿಸುತ್ತೀಯಾ ಎಂದು ಜಗಳ ತೆಗೆದೆ. ಮುಂದೆ ಕಳಿಸಿದ್ದರೆ ತಿನ್ನುತ್ತಿದ್ದೆಯಾ ಎಂದು ಕೇಳಿದ. ಅದು ನಿಜ, ತಿನ್ನುತ್ತಿರಲಿಲ್ಲ. ಅವನೂ ಡಾಕ್ಟರ ಕಣ್ಣು ತಪ್ಪಿಸಿ ಕಜ್ಜಾಯ ತಿಂದವನೇ. ಹಿಮ್ಮಡಿಗೆ ಮೊಳೆ ಚುಚ್ಚಿದ್ದು ಅವನಿಗೂ ತಿಳಿದಿರಲಿಲ್ಲ.

"ನಂಗೂ ಈ ಸೊಪ್ಪಿನ್ ಇಚಾರ ಏಳುದ್ರು ಕಣ್ಲಾ. ಕಾಲ್ ತಗುದ್ ಮ್ಯಾಲೆ ಏಳುದ್ರು" ಎಂದ. ಆಮೇಲೆ ನನ್ನ ಕಟ್ಟು ಬಿಚ್ಚಿಸಿ, ಪಾದವನ್ನು ತನ್ನ ಒಂಟಿ ತೊಡೆಯ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದ.

"ಇನ್ನೂ ನಿಂದಾಗೇ ಅದೆ. ಬುಡಬ್ಯಾಡ."

ಅವನು ಹೋದ ಮೇಲೆ ರಂಗಮ್ಮನನ್ನು ಕರೆದು ಎಲೆಅಡಿಕೆ ಕೇಳಿದೆ. ಸೊಪ್ಪು ಹಾಕಲೇ ಎಂದಳು. ಎರಡಲ್ಲ, ನಾಲ್ಕು ಹಾಕು ಎಂದೆ.

ಜನವರಿ ೨, ೧೯೫೪

ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಬೆಲ್ಲ, ಗೂಡು, ಸೊಪ್ಪು. ಬೈಯುತ್ತಾರೆಂದು ಕಾದೆ. ಸೊಪ್ಪನ್ನು ಕೈಗೆ ತೆಗೆದುಕೊಂಡು, ತಾವೇ ಎರಡೆಲೆ ಜಗಿದು, ಮೇಲೆ ಸಕ್ಕರೆ ಹಾಕಿಕೊಂಡರು. ಅವರ ಮುಖ ನೋಡಬೇಕಿತ್ತು. ಇದು ರಕ್ತದ ಸಕ್ಕರೆ ಇಳಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ನಿಮ್ಮ ಕೈಯಿಂದ ಬೆಲ್ಲ ಬಿಡಿಸಿತಲ್ಲ, ಅದು ನನ್ನಿಂದ ಆಗಿರಲಿಲ್ಲ ಎಂದರು. ಸೂಜಿ, ಪಥ್ಯ ಎರಡನ್ನೂ ಬಿಡುವಂತಿಲ್ಲ ಎಂದೂ ಸೇರಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಡಾಕ್ಟರು. ಮೀಸೆ ಬಲಿಯದಿದ್ದರೂ ತಲೆ ಬಲಿತಿದೆ.

ಮಧ್ಯಾಹ್ನ ಹಾಗಲಕಾಯಿಯನ್ನು ಎರಡು ಸಲ ಹಾಕಿಸಿಕೊಂಡೆ. ರೋಗ ನನ್ನನ್ನು ತಿನ್ನುವುದಾದರೆ ನಾನೂ ಅದಕ್ಕೆ ಕಹಿಯಾಗಿಯೇ ಸಿಗುತ್ತೇನೆ.

ಜನವರಿ ೧೧, ಸೋಮವಾರ

ಕಪ್ಪು ಮೇಲಕ್ಕೆ ಹರಡಲಿಲ್ಲ. ಸತ್ತ ತುದಿಯನ್ನು ಮಾತ್ರ ಡಾಕ್ಟರು ಇಲ್ಲೇ ಕತ್ತರಿಸಿ ತೆಗೆದರು. ಕಿರುಬೆರಳು ಅರ್ಧ ಉಳಿದಿದೆ.

ಕತ್ತರಿಸುವಾಗ ನಾನು ನೋಡುತ್ತಲೇ ಇದ್ದೆ. ನೋಯಲಿಲ್ಲ. ಕತ್ತರಿಯ ಸದ್ದು ಕೇಳಿತು, ನೋವು ಬರಲಿಲ್ಲ. ನನಗೆ ಬಹಳ ಭಯವಾಯಿತು. ನನ್ನ ಜೀವಮಾನದಲ್ಲಿ ಇಷ್ಟು ಭಯ ಆದದ್ದಿಲ್ಲ. ರಂಗಮ್ಮನ ಕೈ ಹಿಡಿದುಕೊಂಡಿದ್ದೆನೆಂದು ಕಾಣುತ್ತದೆ, ಮನೆಗೆ ಬಂದ ಮೇಲೆ ನೋಡಿದರೆ ಅವಳ ಬಳೆ ಎರಡು ಒಡೆದಿದ್ದವು.

ಅರ್ಧ ಬೆರಳು ಕೊಟ್ಟೆ. ಒಂಬತ್ತೂವರೆ ಉಳಿದಿವೆ. ಇನ್ನು ಒಂದು ಉಗುರನ್ನೂ ಕೊಡುವುದಿಲ್ಲ.

ಜನವರಿ ೧೪, ಸಂಕ್ರಾಂತಿ

ಹಬ್ಬವಲ್ಲವೇ, ಸೊಪ್ಪಿಲ್ಲದೆ ಒಂದೇ ಒಂದು ಚೂರು ತಿನ್ನಿ ಎಂದು ರಂಗಮ್ಮ ಎಳ್ಳುಬೆಲ್ಲ ಹಿಡಿದು ಬಂದಳು. ಮೊದಲು ಸೊಪ್ಪು ಕೊಡು ಎಂದೆ. ಜಗಿದು, ಆಮೇಲೆ ಒಂದು ಕಾಳಿನಷ್ಟು ಬಾಯಿಗೆ ಹಾಕಿಕೊಂಡೆ. ಮಣ್ಣು. ಎಳ್ಳು ಮಾತ್ರ ಘಮಘಮ ಎಂದಿತು. ಇಷ್ಟು ವರ್ಷ ಬೆಲ್ಲದ ಗದ್ದಲದಲ್ಲಿ ಎಳ್ಳಿಗೆ ಇಷ್ಟು ರುಚಿಯಿದೆಯೆಂದೇ ಗೊತ್ತಿರಲಿಲ್ಲ.

ಫೆಬ್ರವರಿ ೩, ಬುಧವಾರ

ಗಾಯ ಪೂರ್ತಿ ಮುಚ್ಚಿದೆ. ಮಗ್ಗಕ್ಕೆ ಇಳಿಯಬಹುದು, ಆದರೆ ಚಪ್ಪಲಿ ಹಾಕಿಕೊಂಡು ಎಂದು ಡಾಕ್ಟರು. ಪ್ರಾಣ ಹೋದರೂ ಇಲ್ಲ ಎಂದು ನಾನು. ಅರ್ಧ ಗಂಟೆ ಜಗ್ಗಾಡಿದೆವು. ರಂಗಮ್ಮ ನಡುವೆ ಬಾಯಿ ಹಾಕಿ, ಬಟ್ಟೆಗೆ ಮೈಲಿಗೆ ಇಲ್ಲವಲ್ಲ ಎಂದಳು. ಇಬ್ಬರೂ ಒಪ್ಪಿದೆವು.

ಹಳೆಯ ಪಂಚೆಯನ್ನು ನಾಲ್ಕು ಪದರ ಮಡಿಸಿ, ಕಾಲಿನ ಅಳತೆಗೆ ಎರಡು ಚೀಲ ಹೊಲಿದಳು. ಬಿಳಿ ಯಾಕೆ, ಬೇಗ ಕೊಳೆಯಾಗುತ್ತದೆ ಎಂದೆ. ರಕ್ತ ಬಂದರೆ ಕಾಣಲಿ ಎಂದಳು. ಗುಂಡಿಯ ಗೂಡನ್ನು ಬಾಚಿ ತೊಳೆದು ಸುಣ್ಣ ಬಳಿಸಿದೆ. ಮಗ್ಗಕ್ಕೆ ಕೈ ಮುಗಿದು ಇಳಿದೆ. ಬಲಗಾಲಿಗೆ ಹಲಗೆ ತಿಳಿಯುವುದಿಲ್ಲ. ಅದಕ್ಕೇ ಈಗ ಕಾಲನ್ನು ನಂಬದೆ, ಎಳೆ ಬಾಯಿ ಬಿಟ್ಟದ್ದನ್ನು ಪ್ರತಿಸಲ ಕಣ್ಣಲ್ಲಿ ನೋಡಿ ಲಾಳಿ ಬಿಡುತ್ತೇನೆ. ಕೆಲಸ ನಿಧಾನ. ಹಿಂದೆ ತಪ್ಪಿದ ಜಾಗಗಳನ್ನು ಕಂಡಿಕೆಯ ತಪ್ಪಲ್ಲ, ನನ್ನದೇ ಎಂದು ರಂಗಮ್ಮನಿಗೆ ತೋರಿಸಿದೆ. ಅವಳಿಗೆ ಆಗಲೇ ಗೊತ್ತಿತ್ತಂತೆ.

ಫೆಬ್ರವರಿ ೧೫, ಸೋಮವಾರ

ಮೂರು ತಿಂಗಳ ಗಡುವು ಮುಗಿದು ಒಂದು ವಾರವಾಯಿತು. ಡಾಕ್ಟರು ಸೂಜಿ ನಿಲ್ಲಿಸಿ ಹತ್ತು ದಿನವಾಯಿತು. ಇನ್ನು ಪಥ್ಯ ಒಂದೇ ಸಾಕೋ ಸಾಲದೋ ಇವತ್ತು ತಿಳಿಯಬೇಕು. ಹೋಗುವಾಗ ಮಾ‍ದಯ್ಯನನ್ನೂ ಕರೆದುಕೊಂಡು ಅವನ ಬೀದಿಯಲ್ಲೇ ಹೋದೆವು.

ಬಿಳಿಗಿರಿ ಎಂಟು ಹನಿ ಬಿಟ್ಟು ಕಾಯಿಸಿದ. ನಾಲ್ಕು ಜನ ಆ ಗಾಜಿನ ನಳಿಗೆಯನ್ನೇ ನೋಡುತ್ತ ನಿಂತಿದ್ದೆವು. ಕುದಿಯಿತು, ಆರಿತು. "ನೀಲಿ ಸಾ!" ಎಂದು ಕೂಗಿದ. ರಂಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಡಾಕ್ಟರು ಎದ್ದು ಬಂದು, ಇನ್ನು ಸೂಜಿ ಬೇಡ ಎಂದರು.

ನಾನು ನಳಿಗೆಯನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ.

"ನೀಲಿ ಅಲ್ಲ ಕಣಪ್ಪ, ಇದು ನವಿಲುಕತ್ತು. ಒಳಗೆ ಹಸಿರು ಅದೆ. ಸರಿಯಾಗ್ ನೋಡು" ಎಂದೆ.

ಇಷ್ಟು ಹಸಿರಿದ್ದರೆ ಚಿಂತೆಯಿಲ್ಲ, ಬಹಳ ಜನಕ್ಕೆ ಇಷ್ಟೂ ಬರುವುದಿಲ್ಲ ಎಂದರು ಡಾಕ್ಟರು. ಬಹಳ ಜನದ ವಿಚಾರ ನನಗೆ ಬೇಡ, ಹಸಿರು ಇದ್ದ ಮೇಲೆ ಅದನ್ನು ನೀಲಿ ಎಂದು ಬರೆಯಬೇಡಿ ಎಂದೆ. ರಿಜಿಸ್ಟರಿನಲ್ಲಿ ಬರೆದಿದ್ದ ನೀಲಿಯನ್ನು ಬಿಳಿಗಿರಿಯ ಕೈಯಲ್ಲೇ ಹೊಡೆದುಹಾಕಿಸಿ, ಹಸಿರು ಎಂದು ಬರೆಸಿದೆ. ಎರಡು ವಾರಕ್ಕೆ ಮತ್ತೆ ಬರುತ್ತೇನೆ, ಔಷಧಿ ಹೊಸದು ತರಿಸಿಡು ಎಂದು ಅವನಿಗೆ ಹೇಳಿದೆ. ಮಾದಯ್ಯ ಕೋಲಿಗೆ ಒರಗಿಕೊಂಡು ನಗುತ್ತಿದ್ದ. ನಗಲು ಏನಿತ್ತೋ.

ಹೊರಡುವಾಗ ಡಾಕ್ಟರು ನೋಟ್‌ಬುಕ್ಕು ಕೇಳಿದರು. ಕಳೆದುಹೋಯಿತು ಎಂದೆ. ಹಾಗಾದರೆ ಏನೇನು ತಿಂದಿರಿ ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದರು. ಬಣ್ಣ ನೋಡಿಕೊಳ್ಳಿ ಸಾ ಎಂದು ಬಂದುಬಿಟ್ಟೆ. ತೋರಿಸುವುದಿಲ್ಲ ಎಂದ ಮೇಲೆ ತೋರಿಸುವುದಿಲ್ಲ.

ಮಧ್ಯಾಹ್ನದ ಮೇಲೆ ಹೊಸ ಸೀರೆಗೆ ಕೂತೆ. ದೀಪ ಹಚ್ಚುವ ಹೊತ್ತಿಗೆ ಗುಂಡಿಯಿಂದ ಎದ್ದು ಜಗಲಿಗೆ ಬಂದು ಕಾಲು ಚಾಚಿದೆ. ರಂಗಮ್ಮ ಕಾಲಿನ ಚೀಲದ ದಾರ ಬಿಚ್ಚಿ, ಒಳಗು ಹೊರಗು ಮಾಡಿ, ಬೆಳಕಿಗೆ ಹಿಡಿದಳು. ನಾನೂ ಬಗ್ಗಿ ನೋಡಿದೆ. ಬಿಳಿಯಾಗಿಯೇ ಇತ್ತು.